ಮೊದಲು ಒರೆ, ಆಮೇಲೆ ಕನ್ನಡಕ

ಸಾರ್ವಜನಿಕ ಫಲಕ ಇಲಾಖೆಯ ನಿರ್ದೇಶಕರು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಹಿರಿಯ ಪರಿಶೀಲಕರ ಕನ್ನಡಕದ ಮೇಲೆ ಕುಳಿತರು. ಇದು ದಾಖಲೆಯಲ್ಲಿರುವ ಸಂಗತಿ. ಹಿರಿಯ ಪರಿಶೀಲಕ ನಾನು. ಕನ್ನಡಕ ನನ್ನದು. ಕುರ್ಚಿಯೂ ನನ್ನದೇ. ಆದರೆ ಇಲಾಖೆಯ ಯಾವ ಕುರ್ಚಿಯ ಮೇಲಾದರೂ ಕೂರುವ ಅಧಿಕಾರ ನಿರ್ದೇಶಕರಿಗೆ ಇರುವುದರಿಂದ ಆ ಬಗ್ಗೆ ನನ್ನದೇನೂ ತಕರಾರಿಲ್ಲ.

ಆಗಿದ್ದು ಇಷ್ಟೆ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ. ನಿರ್ದೇಶಕರು ಒಳಗೆ ಬಂದರು. ನಾನು ಎದ್ದು ನಿಂತೆ, ಗೌರವದ ಗಡಿಬಿಡಿಯಲ್ಲಿ ಕನ್ನಡಕವನ್ನು ಕುರ್ಚಿಯ ಮೇಲೇ ಬಿಟ್ಟೆ. ನಾನು ಎದ್ದದ್ದರಿಂದ ಕುರ್ಚಿ ಖಾಲಿಯಾಯಿತು. ಖಾಲಿಯಾದ್ದರಿಂದ ಅವರು ಕೂತರು. ಅರ್ಧ ಗಂಟೆಯೊಳಗೆ ಮಹಜರು ನಡೆಯಿತು. ನಿರ್ದೇಶಕರು ಕೊಟ್ಟ ಹೇಳಿಕೆ ಹೀಗಿದೆ: "ಕೂತಾಗ ಕಟಕ್ ಅಂತು. ಕುರ್ಚಿ ಅಂದ್ಕೊಂಡೆ. ಈ ಆಫೀಸಲ್ಲಿ ಕುರ್ಚಿಗಳು ಮಾತಾಡೋದು ಹೊಸದೇನಲ್ಲ." ಉಗ್ರಾಣದ ಯಜಮಾನರು ನೆಲದ ಮೇಲೆ ಮಂಡಿಯೂರಿ ಗಾಜಿನ ಚೂರು ಹದಿನೇಳು, ಕಡ್ಡಿ ಎರಡು, ಅದರಲ್ಲಿ ಒಂದು ಡೊಂಕು ಎಂದು ಪಟ್ಟಿ ಮಾಡಿ, ಕೆಳಗೆ 'ನಿರ್ದೇಶಕರಿಗೆ ಆದ ಹಾನಿ: ಇಲ್ಲ' ಎಂದು ಷರಾ ಬರೆದರು. ಎಲ್ಲರೂ ನಿಟ್ಟುಸಿರು ಬಿಟ್ಟೆವು.

ನಮ್ಮ ಇಲಾಖೆಯ ಕೆಲಸ ಬಲ್ಲವರಿಗೆ ನನ್ನ ಕನ್ನಡಕ ಎಂಥದ್ದೆಂದು ಹೇಳಬೇಕಾಗಿಲ್ಲ. ಊರಿನಲ್ಲಿ ಯಾವ ಫಲಕ ಏರಬೇಕಾದರೂ, ಅಂಗಡಿಯ ಹೆಸರಿನಿಂದ ಹಿಡಿದು 'ಬಾಗಿಲು ತಳ್ಳಿ' ಎಂಬುದರ ತನಕ, ಅದು ಮೂವತ್ತು ಅಡಿ ದೂರದಿಂದ ಓದಲು ಬರಬೇಕು. ಬರುತ್ತದೋ ಇಲ್ಲವೋ ನೋಡುವವನು ನಾನು. ಮೂವತ್ತು ಅಡಿ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ನಾನು ಗೆರೆಯ ಮೇಲೆ ನಿಂತು ಫಲಕವನ್ನು ಗಟ್ಟಿಯಾಗಿ ಓದುತ್ತೇನೆ. ಓದಿದರೆ 'ಓದಲು ಬರುತ್ತದೆ' ಎಂದು ಮುದ್ರೆ ಒತ್ತುತ್ತೇನೆ. ಮೂವತ್ತೊಂದು ವರ್ಷದಿಂದ ಊರು ನನ್ನ ಬಾಯಿಂದಲೇ ತನ್ನ ಹೆಸರುಗಳನ್ನು ಕೇಳಿಕೊಂಡಿದೆ. ಕನ್ನಡಕ ಇಲ್ಲದಿದ್ದರೆ ನನಗೆ ದೂರದ್ದೂ ಮಬ್ಬು, ಹತ್ತಿರದ್ದೂ ಮಬ್ಬು. ಈ ವಿಷಯದಲ್ಲಿ ನನ್ನ ಕಣ್ಣುಗಳು ಸಂಪೂರ್ಣ ನಿಷ್ಪಕ್ಷಪಾತಿಗಳು.

ಕರ್ತವ್ಯದ ವೇಳೆಯಲ್ಲಿ ಒಡೆದ ಕನ್ನಡಕವನ್ನು ಇಲಾಖೆಯೇ ಕೊಡಬೇಕೆಂಬ ನಿಯಮ ಇದೆ. ಅಂದೇ ಅರ್ಜಿ ಬರೆಸಿ ಕೊಟ್ಟೆ. ಬರೆಸಿ ಎಂದದ್ದು ಏಕೆಂದರೆ, ಅಂದಿನಿಂದ ನನ್ನ ಓದುಬರಹವೆಲ್ಲ ನಮ್ಮ ಬೆರಳಚ್ಚುಗಾರ್ತಿಯ ಪಾಲಿಗೆ ಬಂತು. ಆಕೆ ಹೆಚ್ಚು ಮಾತಿನವಳಲ್ಲ. ಅರ್ಜಿ ಟೈಪು ಮಾಡಿ ಮುಗಿಸಿ, "ಸಾರ್, ಹದಿನಾಲ್ಕನೇ ನಿಯಮ ನೆನಪಿದೆಯಾ?" ಎಂದಳು.

ನೆನಪಿಲ್ಲದೆ ಏನು? ಬರೆದವನೇ ನಾನು.

ಹನ್ನೊಂದು ವರ್ಷದ ಹಿಂದೆ ಇಲಾಖೆಗೆ ಶಾಯಿ ಬಂತು, ಶಾಯಿಯ ಬಾಟಲಿಗಳು ಬರಲಿಲ್ಲ. ಎರಡರ ಕಡತಗಳೂ ಬೇರೆ ಬೇರೆ ಮೇಜಿನ ಮೇಲಿದ್ದವು. ಬಂದ ಶಾಯಿಯನ್ನು ವಾಪಸು ಕಳಿಸುವಂತಿರಲಿಲ್ಲವಾಗಿ ಉಗ್ರಾಣದ ಯಜಮಾನರು ಅದನ್ನು ಖಾಲಿಯಿದ್ದ ಒಂದೇ ಪಾತ್ರೆಗೆ, ಅಂದರೆ ಕುಡಿಯುವ ನೀರಿನ ಡ್ರಮ್ಮಿಗೆ, ಸುರಿಸಿದರು. ನಾಲ್ಕು ದಿನ ಇಡೀ ಇಲಾಖೆಯ ನಾಲಿಗೆ ನೀಲಿಯಾಗಿತ್ತು. ದೂರು ಕೊಡಲು ಬಂದವರು ನಮ್ಮ ಬಾಯಿ ನೋಡಿ ದೂರು ಕೊಡದೆ ಹೋದರು. ಆ ವಾರ ಇಲಾಖೆಯ ಹೆಸರು ಚೆನ್ನಾಗಿತ್ತು, ಆದರೂ ಇನ್ನೊಮ್ಮೆ ಹೀಗಾಗಬಾರದೆಂದು ನಾನು ಮೂರು ದಿನ ಕೂತು ಹದಿನಾಲ್ಕನೇ ನಿಯಮ ರಚಿಸಿದೆ: 'ಒಳಗೆ ಇಡತಕ್ಕ ಯಾವುದೇ ವಸ್ತುವನ್ನು, ಅದನ್ನು ಇಡತಕ್ಕ ಹೊರವಸ್ತುವು ಆಯ್ಕೆಯಾಗಿ ದಾಸ್ತಾನು ಪುಸ್ತಕಕ್ಕೆ ಏರುವ ತನಕ ತರಿಸತಕ್ಕದ್ದಲ್ಲ.' ಉಪನಿಯಮ ಎರಡು: 'ಸದರಿ ವಸ್ತುವಿಗಾಗಿ ಅರ್ಜಿ ಹಾಕಿದ ನೌಕರನು ಅದನ್ನು ಖಾಸಗಿಯಾಗಿ ಕೊಂಡಲ್ಲಿ ಅರ್ಜಿಯು ಸುಳ್ಳೆಂದೂ ನೌಕರನು ಸುಳ್ಳನೆಂದೂ ಭಾವಿಸತಕ್ಕದ್ದು.' ಬೇರೆ ನಾಲ್ಕು ಇಲಾಖೆಗಳು ಇದನ್ನು ಅಳವಡಿಸಿಕೊಂಡಿವೆ. ನಮ್ಮಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಪ್ರತಿದಿನ ಅದನ್ನು ಓದಿಯೇ ನಾನು ಕೆಲಸ ಶುರು ಮಾಡುತ್ತಿದ್ದೆ. ಈಗ ಅಲ್ಲಿ ಚೌಕಟ್ಟು ಹಾಕಿದ ಮಂಜು ಕಾಣುತ್ತಿತ್ತು.

ಕನ್ನಡಕ ಒಳಗಿನ ವಸ್ತು. ಅದರ ಹೊರವಸ್ತು, ಜನ ಕೇಸು ಎನ್ನುವುದು, ಇಲಾಖೆಯ ಭಾಷೆಯಲ್ಲಿ 'ಒರೆ'. ಹಾಗಾಗಿ ಮೊದಲು ಒರೆ ಆಯ್ಕೆಯಾಗಬೇಕು, ಆಮೇಲೆ ಕನ್ನಡಕ. ಒರೆ ಇದ್ದಿದ್ದರೆ ಕನ್ನಡಕ ಒಡೆಯುತ್ತಲೇ ಇರಲಿಲ್ಲ ಎಂದು ನಿರ್ದೇಶಕರೂ ಅಭಿಪ್ರಾಯಪಟ್ಟರು. 'ಕನ್ನಡಕದ ಒರೆ ಆಯ್ಕೆ ಸಮಿತಿ' ಅಂದೇ ರಚನೆಯಾಯಿತು. ಅಧ್ಯಕ್ಷರು ನಿರ್ದೇಶಕರು, ಸದಸ್ಯರು ಉಗ್ರಾಣದ ಯಜಮಾನರು, ನಡವಳಿ ಬರೆಯಲು ಬೆರಳಚ್ಚುಗಾರ್ತಿ, ಬಾಧಿತ ಸದಸ್ಯನಾಗಿ ನಾನು.

ಆ ಸಂಜೆ ಮನೆಗೆ ಬಂದರೆ ಮಗಳು ಬಂದಿದ್ದಳು, ಮಡಿಲಲ್ಲಿ ಹನ್ನೊಂದು ದಿನದ ಕೂಸು. ಅಳಿಯ ಹಡಗಿನಲ್ಲಿ ಅಡುಗೆ ಮಾಡುವವನು, ಏಳು ತಿಂಗಳ ಯಾನಕ್ಕೆ ಹೋಗಿದ್ದ. ಅವನು ಇಳಿಯುವ ತನಕ ತಾಯಿಮಗು ನಮ್ಮಲ್ಲಿ. ಮಗಳು ಕೂಸನ್ನು ನನ್ನ ಕೈಗಿತ್ತಳು. ಬೆಚ್ಚಗಿತ್ತು, ಹಗುರಾಗಿತ್ತು, ಹಾಲಿನ ವಾಸನೆ ಇತ್ತು. ಮುಖ ಇರಬೇಕಾದಲ್ಲಿ ಗುಲಾಬಿ ಬಣ್ಣದ ಒಂದು ಮಸುಕು ಇತ್ತು.

"ನೋಡಪ್ಪ, ಮೂಗು ನೋಡು. ನಿಂದೇ ಮೂಗು," ಎಂದಳು ಮಗಳು.

ನನ್ನ ಮೂಗು ನಮ್ಮ ಮನೆತನದಲ್ಲಿ ಬೇರೆ ಯಾರಿಗೂ ಬಂದಿಲ್ಲ. ತುದಿಯಲ್ಲಿ ಸ್ವಲ್ಪ ಎಡಕ್ಕೆ ತಿರುಗಿಕೊಂಡು, ಯಾರನ್ನೋ ಕರೆದ ಹಾಗಿದೆ. ಮಗಳಿಗೆ ಅವಳಮ್ಮನ ಮೂಗು. ಈಗ ಬಂದಿದೆ ಎನ್ನುತ್ತಿದ್ದಾರೆ, ನನಗೆ ಕಾಣುತ್ತಿಲ್ಲ. ಕಣ್ಣು ಕಿರಿದು ಮಾಡಿದೆ, ಕೂಸನ್ನು ಹತ್ತಿರ ಹಿಡಿದೆ, ದೂರ ಹಿಡಿದೆ. ಕೂಸು ಅತ್ತಿತು.

"ಹೌದು ಹೌದು," ಎಂದೆ. ಅದು ನನ್ನ ಸೇವಾವಧಿಯಲ್ಲಿ ನಾನು ನೋಡದೆ ಒತ್ತಿದ ಮೊದಲ ಮುದ್ರೆ.

ನನ್ನ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಕೋಣೆಗೆ ಕರೆದಳು. "ರೀ, ಕನ್ನಡಕ ಎಲ್ಲಿ?"

ಹೇಳಿದೆ.

"ಬೀದಿ ಕೊನೇಲಿ ಅಂಗಡಿ ಇದೆ. ನಾಳೆ ಹೊತ್ತಿಗೆ ಮಾಡಿಕೊಡ್ತಾನೆ. ನಡೀರಿ."

ಹದಿನಾಲ್ಕನೇ ನಿಯಮ, ಉಪನಿಯಮ ಎರಡು ವಿವರಿಸಿದೆ.

"ಆ ನಿಯಮ ಯಾವ ಮಹಾನುಭಾವ ಬರೆದಿದ್ದು?"

"ನಾನೇ."

ಅವಳು ನನ್ನ ಕಡೆ ತಿರುಗಿದಳು. ಮುಖ ಕಾಣದಿದ್ದರೂ ಅದು ಹೇಗಿತ್ತೆಂದು ಮೂವತ್ತು ವರ್ಷದ ಅನುಭವದಿಂದ ಬಲ್ಲೆ. "ನೀವು ಬರೆದ ಗೋಡೆಗೆ ನೀವೇ ಹಣೆ ಚಚ್ಕೊಳ್ತಿದೀರಿ. ಒಂದು ಬಾಗಿಲು ಬರೆದಿದ್ರೆ ಏನಾಗ್ತಿತ್ತು?" ಎಂದು ಹೇಳಿ ಹೊರಗೆ ಹೋದಳು.

ನನಗೆ ಇದ್ದ ಆಸೆ ಒಂದೇ. ಏಳು ತಿಂಗಳಾಗಿ ಮಗಳು ಹೊರಡುವ ಮೊದಲು ಆ ಮುಖವನ್ನು ಒಮ್ಮೆ ನೋಡಬೇಕು. ಒಂದು ಒರೆ ಆರಿಸಲು ಏಳು ತಿಂಗಳು ಧಾರಾಳವಾಯಿತು ಎಂದು ಲೆಕ್ಕ ಹಾಕಿ ನೆಮ್ಮದಿಯಾಗಿ ಮಲಗಿದೆ.

ಸಮಿತಿಯ ಮೊದಲ ಸಭೆಗೆ ನಾಲ್ಕು ಮಾದರಿಗಳು ಬಂದವು. ತಗಡಿನ ಒರೆಯನ್ನು ಮುಚ್ಚಿದಾಗ ಕೆನ್ನೆಗೆ ಬಾರಿಸಿದ ಸದ್ದು ಬಂದು, ಹೊರಗೆ ಕಾಯುತ್ತಿದ್ದ ಇಬ್ಬರು ಅರ್ಜಿದಾರರು ಎದ್ದು ಹೋದರು. ತಿರಸ್ಕೃತ. ಮರದ್ದು ಜೇಬಿನಲ್ಲಿದ್ದರೆ ಬಗ್ಗಿ ನಮಸ್ಕಾರ ಮಾಡಲು ಆಗುವುದಿಲ್ಲವೆಂದು ಉಗ್ರಾಣದ ಯಜಮಾನರು ಬಗ್ಗಿ ತೋರಿಸಿದರು. ತಿರಸ್ಕೃತ. ಬಟ್ಟೆಯದು ಕಾಲುಚೀಲದಂತಿತ್ತು. ಉಳಿದದ್ದು ಚರ್ಮ. ಎಲ್ಲರೂ ಒಬ್ಬೊಬ್ಬರಾಗಿ ಮೂಸಿ ನೋಡಿ ಸಹಿ ಹಾಕಿದೆವು. ಎರಡನೆಯ ಸಭೆಯಲ್ಲಿ ಬಣ್ಣ. ಚಹಾ ಚೆಲ್ಲಿದರೆ ಗೊತ್ತಾಗಬಾರದೆಂದು ಕಂದು. ಇಷ್ಟಾಗುವಾಗ ಎರಡು ತಿಂಗಳಾಗಿತ್ತು, ಕೂಸು ನಗಲು ಶುರು ಮಾಡಿದೆ ಎಂದು ಮನೆಯಲ್ಲಿ ಹೇಳಿದರು.

ಮೂರನೆಯ ಸಭೆಯಲ್ಲಿ ನಿರ್ದೇಶಕರು ಒಂದು ಮಾತು ಹೇಳಿದರು. ಅದು ಇಲಾಖೆಯ ಚರಿತ್ರೆಯಲ್ಲಿ ಉಳಿಯುತ್ತದೆ. ಮಾದರಿ ಒರೆಯನ್ನು ಅಂಗಿಯ ಜೇಬಿಗೆ ಇಳಿಸಿ, ತಗ್ಗಿ ನೋಡಿಕೊಂಡು, "ಜೇಬು ಉಬ್ಬುತ್ತೆ. ಜೇಬು ಉಬ್ಬಿದ್ರೆ ಜನ ಏನಂದ್ಕೊಳ್ತಾರೆ? ತಿಂದಿದಾನೆ ಅಂದ್ಕೊಳ್ತಾರೆ," ಎಂದರು.

ಉಗ್ರಾಣದ ಯಜಮಾನರ ಕೈ ತಾನಾಗಿ ಅವರ ಜೇಬಿನ ಮೇಲೆ ಹೋದದ್ದನ್ನು ಬೆರಳಚ್ಚುಗಾರ್ತಿ ನಡವಳಿಯಲ್ಲಿ ಬರೆದುಕೊಂಡಳು, ಆಮೇಲೆ ಹೊಡೆದುಹಾಕಿದಳು. ಒರೆ ತೆಳುವಾಗಿರಬೇಕೆಂದು ಒಮ್ಮತದಿಂದ ತೀರ್ಮಾನವಾಯಿತು. ಎಷ್ಟು ತೆಳು? ನಿರ್ದೇಶಕರು ಮುಕ್ಕಾಲು ಅಂಗುಲ ಎಂದರು. ಉಗ್ರಾಣದ ಯಜಮಾನರು ತಕ್ಷಣ ಎದ್ದು, "ಪ್ರಾಮಾಣಿಕರಿಗೆ ಅರ್ಧ ಸಾಕು," ಎಂದರು. ಅದನ್ನು ಕೇಳಿ ನಿರ್ದೇಶಕರು ಮುಂದಿನ ಸಭೆಯಲ್ಲಿ ಕಾಲಂಗುಲಕ್ಕೆ ಇಳಿದರು. ಉಗ್ರಾಣದ ಯಜಮಾನರು ಅದರ ಅರ್ಧಕ್ಕೆ ಇಳಿದರು. ದಪ್ಪ ಮಾಡೋಣ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಎಂದವನು ಆ ಜಾಗದಲ್ಲಿ ಏನಿಡುತ್ತಾನೆ ಎಂಬ ಪ್ರಶ್ನೆ ಏಳುತ್ತಿತ್ತು.

ನನ್ನ ಹಳೆಯ ಕನ್ನಡಕದ ಗಾಜೇ ಕಾಲಂಗುಲ ದಪ್ಪವಿತ್ತು. ಅದನ್ನು ಹೇಳಲೆಂದು ಎದ್ದೆ. ಎಲ್ಲರೂ ನನ್ನ ಜೇಬಿನ ಕಡೆ ತಿರುಗಿದ್ದು ಮಬ್ಬಿನಲ್ಲೂ ತಿಳಿಯಿತು. "ಇನ್ನೂ ಸ್ವಲ್ಪ ತೆಳು ಮಾಡಬಹುದು," ಎಂದು ಹೇಳಿ ಕೂತೆ. ಚಪ್ಪಾಳೆ ಬಿತ್ತು.

ಈ ನಡುವೆ ಇಲಾಖೆಯ ಕೆಲಸ ನಿಂತಿರಲಿಲ್ಲ. ಬೆರಳಚ್ಚುಗಾರ್ತಿ ಮೊಣಕೈ ಹಿಡಿದು ನನ್ನನ್ನು ಗೆರೆಯ ಮೇಲೆ ನಿಲ್ಲಿಸುತ್ತಿದ್ದಳು. ನಾನು ನೋಡುತ್ತಿದ್ದೆ. ಓದಲು ಬರದಿದ್ದರೆ ಬರುವುದಿಲ್ಲ ಎಂದೇ ಹೇಳಬೇಕು, ಅದು ಧರ್ಮ. ಮೊದಲು ಸಿಕ್ಕಿದ್ದು ಕ್ಷೌರಿಕನ ಅಂಗಡಿ.

"ಓದಲು ಬರುವುದಿಲ್ಲ. ಅಕ್ಷರ ದೊಡ್ಡದು ಮಾಡಿ."

"ಸಾರ್, ಹದಿನೈದು ವರ್ಷದ ಹಿಂದೆ ನೀವೇ ಪಾಸು ಮಾಡಿದ ಬೋರ್ಡು ಇದು!"

"ಆಗ ಬರುತ್ತಿತ್ತು."

ಅವನು ದೊಡ್ಡದು ಮಾಡಿಸಿದ. ಬರಲಿಲ್ಲ. ಇನ್ನೂ ದೊಡ್ಡದು ಮಾಡಿಸಿದ. ನಾಲ್ಕನೆಯ ಸಲ 'ಕ್ಷೌ' ಕಂಡಿತು, ಉಳಿದದ್ದನ್ನು ಊಹಿಸಬಹುದೆಂದು ರಿಯಾಯಿತಿ ಕೊಟ್ಟು ಮುದ್ರೆ ಒತ್ತಿದೆ. ಅಷ್ಟರಲ್ಲಿ ಫಲಕ ಅವನ ಬಾಗಿಲನ್ನು ನುಂಗಿತ್ತು. ಗಿರಾಕಿಗಳು ಪಕ್ಕದ ಬೇಕರಿಯ ಒಳಗಿಂದ ಹೋಗಿ ಕ್ಷೌರ ಮಾಡಿಸಿಕೊಂಡು, ಬರುವಾಗ ಬನ್ನು ಕೊಂಡು ಬರತೊಡಗಿದರು. ಬೇಕರಿಯವನು ಸಂತೋಷದಿಂದ ತನ್ನ ಫಲಕವನ್ನೂ ಪರಿಶೀಲನೆಗೆ ಒಡ್ಡಿದ.

ಊರು ಬೆಳೆಯಿತು. ದಂತವೈದ್ಯರ ಫಲಕದ ಹಲ್ಲು ಎರಡು ಮಹಡಿ ಎತ್ತರವಾಗಿ, ಅದರ ನೆರಳಿನಲ್ಲಿ ಎಂಟು ಸೈಕಲ್ಲು ನಿಲ್ಲಿಸಬಹುದಾಗಿತ್ತು. 'ಇಲ್ಲಿ ಉಗುಳಬೇಡಿ' ಎಂಬುದು ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಹಬ್ಬಿ, ಉಗುಳಲು ಗೋಡೆಯೇ ಉಳಿಯದೆ ಉದ್ದೇಶ ಪೂರ್ತಿ ಈಡೇರಿತು. ದಾರಿ ಇದ್ದ ಒಂದು ಓಣಿಗೆ ತಪ್ಪಾಗಿ 'ದಾರಿ ಇಲ್ಲ' ಎಂಬ ಫಲಕ ಹಾಕಿದ್ದರು. ನನ್ನ ಮೂರನೆಯ ಪರಿಶೀಲನೆಯ ನಂತರ ಆ ಫಲಕ ಓಣಿಯನ್ನು ಅಡ್ಡಗಟ್ಟಿ ತಪ್ಪು ಸರಿಯಾಯಿತು. ಊರಿನ ಮುದುಕರು ಊರುಗೋಲು ಹಿಡಿದು ಬಂದು ನನ್ನ ಕೈ ಕುಲುಕಿ, "ನಮ್ಮ ಕಷ್ಟ ನಿಮಗೊಬ್ಬರಿಗೇ ಅರ್ಥವಾಯ್ತು ಸ್ವಾಮಿ," ಎಂದರು. ವರ್ಷದ 'ಅತಿ ಹೆಚ್ಚು ಕಾಣುವ ಊರು' ಪ್ರಶಸ್ತಿ ನಮಗೇ ಬಂತು.

ಫಲಕಗಳಿಗೆ ತಗಡು ಒದಗಿಸಿದವರು ನಿರ್ದೇಶಕರ ಭಾವಮೈದುನ. ಇದು ಕೇವಲ ಅರ್ಹತೆಯಿಂದ ಆದದ್ದು. ಊರಿನಲ್ಲಿ ತಗಡು ಮಾರುವ ಪರವಾನಗಿ ಇದ್ದದ್ದು ಅವರೊಬ್ಬರಿಗೇ. ಉಳಿದವರ ಪರವಾನಗಿಗಳು ನವೀಕರಣಕ್ಕೆ ಬಂದು ನಿರ್ದೇಶಕರ ಮೇಜಿನ ಮೇಲೆ ಸುರಕ್ಷಿತವಾಗಿದ್ದವು. ಭಾವಮೈದುನ ಬಹಳ ಅಂತಃಕರಣದ ಮನುಷ್ಯ. ವಾರಕ್ಕೊಮ್ಮೆ ಬಂದು ನನ್ನ ಭುಜ ತಟ್ಟಿ, "ನಿಮ್ಮ ಕಣ್ಣು ಹೀಗೇ ಇರಲಿ," ಎಂದು ಹಾರೈಸುತ್ತಿದ್ದರು. ಒರೆಯ ಸಭೆ ಬೇಗ ಕರೆಯಿರಿ ಎಂದು ನಾನು ಕೇಳಿದಾಗಲೆಲ್ಲ ನಿರ್ದೇಶಕರು, "ಅವಸರ ಬೇಡ ಮಾರಾಯ್ರೆ, ಕಣ್ಣಿನ ವಿಷಯ," ಎನ್ನುತ್ತಿದ್ದರು. ಇಬ್ಬರಿಗೂ ನನ್ನ ಕಣ್ಣಿನ ಬಗ್ಗೆ ಇದ್ದ ಕಾಳಜಿ ಕಂಡು ನಾನು ಕರಗಿದೆ.

ಐದನೆಯ ತಿಂಗಳಲ್ಲಿ ಒಂದು ಹೊಸ ಕಡತ ಬಂತು. ಬೆರಳಚ್ಚುಗಾರ್ತಿ ಎಂದಿನ ದನಿಯಲ್ಲಿ ಓದಿದಳು: "ಅರ್ಜಿದಾರರು ಒಬ್ಬ ಮಹಿಳೆ. ಉದ್ಯೋಗ ಮಕ್ಕಳ ಕುಲಾವಿ ಹೊಲಿಯುವುದು. ಫಲಕದಲ್ಲಿ ಅಕ್ಷರ ಇಲ್ಲ, ಚಿತ್ರ ಮಾತ್ರ."

"ಏನು ಚಿತ್ರ?"

"ಅದನ್ನ ನೀವೇ ನೋಡಿ ಹೇಳ್ಬೇಕು ಸಾರ್. ಇಲ್ಲದಿದ್ರೆ ಪರಿಶೀಲನೆ ಹೇಗಾಗುತ್ತೆ?"

ಸರಿಯಾದ ಮಾತು. ಗೆರೆಯ ಮೇಲೆ ನಿಂತು ನೋಡಿದೆ. ಗುಲಾಬಿ ಬಣ್ಣದ ಒಂದು ಮಸುಕು. 'ಕಾಣುವುದಿಲ್ಲ, ದೊಡ್ಡದು ಮಾಡಿ' ಎಂದು ಬರೆಸಿದೆ. ಮುಂದಿನ ತಿಂಗಳು ಮತ್ತೆ ಬಂತು. ಗುಲಾಬಿ ಬಣ್ಣದ ದೊಡ್ಡ ಮಸುಕು. ಮತ್ತೆ ತಿರಸ್ಕರಿಸಿದೆ. ಮನೆಯಲ್ಲಿ ಇತ್ತೀಚೆಗೆ ಹೊಲಿಗೆ ಯಂತ್ರದ ಸದ್ದು ಜಾಸ್ತಿಯಾಗಿತ್ತು, ನಿರ್ದೇಶಕರ ಭಾವಮೈದುನರ ಮನೆಯ ಅವಳಿ ಮಕ್ಕಳಿಗೆ ಇಪ್ಪತ್ತು ಕುಲಾವಿ ಬೇಕಂತೆ ಎಂದು ಮಗಳು ಹೇಳಿದ್ದಳು. ಮನೆಯ ಸಂಗತಿಯನ್ನು ಕಚೇರಿಯ ಸಂಗತಿಯೊಂದಿಗೆ ಬೆರೆಸುವ ಅಭ್ಯಾಸ ನನಗಿಲ್ಲ.

ಅಂಗುಲದ ಹದಿನಾರನೆಯ ಒಂದು ಭಾಗಕ್ಕೆ ಸಮಿತಿ ಬಂದು ನಿಂತಾಗ ಆರೂವರೆ ತಿಂಗಳು ಕಳೆದಿತ್ತು. ಅಳತೆಯ ಚೀಟಿ ಹಿಡಿದು ಮಾರುಕಟ್ಟೆಯ ಹಿಂದಿನ ಬೀದಿಯ ಚರ್ಮದ ಕೆಲಸದಾಕೆಯ ಬಳಿಗೆ ನಾನೇ ಹೋದೆ. ಬೆಲ್ಟು, ಚೀಲ ಹೊಲಿಯುವ ಗಟ್ಟಿ ಹೆಂಗಸು. ಅವಳ ಅಂಗಡಿಯಲ್ಲಿ ಮೇಣದ ವಾಸನೆ, ಸುತ್ತಿಗೆಯ ಟಕಟಕ. ಚೀಟಿ ಓದಿದಳು, ಸುತ್ತಿಗೆ ನಿಂತಿತು.

"ಇದ್ರೊಳಗೆ ಏನಿಡ್ತೀರಿ ಸ್ವಾಮಿ?"

"ಕನ್ನಡಕ."

"ಯಾರ್ದು?"

"ನನ್ನದು."

ಅವಳು ಎರಡು ತೊಗಲ ತುಂಡು ಜೋಡಿಸಿ ನನ್ನ ಬೆರಳುಗಳ ನಡುವೆ ಇಟ್ಟಳು. "ಮುಟ್ಟಿ ನೋಡಿ. ನೀವು ಬರೆದಿರೋ ಅಳತೇಲಿ ಈ ಎರಡು ತೊಗಲೇ ಕೂತ್ಬಿಡ್ತವೆ. ಮಧ್ಯೆ ಗಾಳಿಗೂ ಜಾಗ ಇಲ್ಲ."

"ಗಾಳಿ ಇಡುವ ಉದ್ದೇಶ ಇಲಾಖೆಗಿಲ್ಲ," ಎಂದೆ.

"ನಿಮ್ಮ ಕನ್ನಡಕದ ಪ್ರಕಾರ ಮಾಡ್ಲಾ? ಯಾರಿಗೂ ಹೇಳಲ್ಲ. ಒಂದು ಕಡೆ ಸ್ವಲ್ಪ ಹೊಟ್ಟೆ ಬಿಡ್ತೀನಿ."

ಒಂದು ಕ್ಷಣ ನನ್ನ ಮನಸ್ಸು ವಾಲಿತು ಎಂದು ಒಪ್ಪಿಕೊಳ್ಳುತ್ತೇನೆ. ಆ ಹೊಟ್ಟೆಯೊಳಗೆ ಕನ್ನಡಕ ಕೂರುವುದು, ಕನ್ನಡಕದೊಳಗೆ ಕೂಸಿನ ಮುಖ ಕೂರುವುದು, ಎಲ್ಲ ಕಣ್ಣ ಮುಂದೆ ಬಂತು. ಆದರೆ ಹೊಟ್ಟೆ ಬಿಟ್ಟ ಒರೆ ಜೇಬಿನಲ್ಲಿ ಉಬ್ಬುತ್ತದೆ. "ಚೀಟಿಯ ಪ್ರಕಾರವೇ ಇರಲಿ," ಎಂದೆ. ಅವಳು ಏನೋ ಗೊಣಗಿದಳು. ಆದರೆ ಹೊಲಿದದ್ದು ಮಾತ್ರ ಎಂಥ ಒರೆ! ಅಂಚು ಬೆಣ್ಣೆಯಂತೆ, ಹೊಲಿಗೆ ಇರುವೆ ಸಾಲಿನಂತೆ. ಜೇಬಿಗೆ ಹಾಕಿದರೆ ಹಾಕಿದ್ದೇ ಗೊತ್ತಾಗುತ್ತಿರಲಿಲ್ಲ.

ಶನಿವಾರ ಒರೆಯ ಸ್ವೀಕಾರ ಸಮಾರಂಭ. ಮಗಳು ಹೊರಡುವುದು ಸೋಮವಾರ ಮಧ್ಯಾಹ್ನದ ಬಸ್ಸಿಗೆ. ಒರೆ ಬೆಳಿಗ್ಗೆ ದಾಸ್ತಾನು ಪುಸ್ತಕ ಏರಿದರೆ ಸಂಜೆಯೊಳಗೆ ಕನ್ನಡಕ ತರಿಸಬಹುದು ಎಂದು ಬೀದಿ ಕೊನೆಯ ಅಂಗಡಿಯವನಿಗೆ ಮೊದಲೇ ಹೇಳಿಟ್ಟಿದ್ದೆ. ನಿಯಮದಂತೆ ಒರೆಗೆ ಅಂತಿಮ ಪರೀಕ್ಷೆ ಇತ್ತು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಕುರ್ಚಿಯ ಮೇಲೆ ಒರೆ ಇಡಲಾಯಿತು. ನಿರ್ದೇಶಕರು ಗಂಭೀರವಾಗಿ ಬಂದು ಅದರ ಮೇಲೆ ಕುಳಿತರು. ಯಾವ ಸದ್ದೂ ಬರಲಿಲ್ಲ. ಎದ್ದರು. ಉಗ್ರಾಣದ ಯಜಮಾನರು ಒರೆ ತೆರೆದು ನೋಡಿ, "ಒಡೆದ ಕನ್ನಡಕ: ಇಲ್ಲ," ಎಂದು ಘೋಷಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆಮೇಲೆ ನಾನು ಕನ್ನಡಕದ ಕಡತ ಮುಂದಿಟ್ಟೆ. ನಿರ್ದೇಶಕರು ಸುತ್ತೋಲೆ ಬರೆಸಿದರು:

'ಮಂಜೂರಾದ ಒರೆಯೊಳಗೆ ಹಿಡಿಸುವ ಕನ್ನಡಕವು ಲೋಕದಲ್ಲಿ ಲಭ್ಯವಿಲ್ಲವೆಂದು ತಿಳಿದುಬಂದಿರುತ್ತದೆ. ಹಿಡಿಸದ ಕನ್ನಡಕವನ್ನು ಕೊಡುವುದು ಹದಿನಾಲ್ಕನೇ ನಿಯಮದ ಆಶಯಕ್ಕೆ ವಿರುದ್ಧ. ಆದುದರಿಂದ ಒರೆಯ ವಿತರಣೆಯನ್ನೇ ಕನ್ನಡಕದ ವಿತರಣೆ ಎಂದು ಭಾವಿಸತಕ್ಕದ್ದು. ಈ ಒರೆಯನ್ನು ಕನ್ನಡಕ ಧರಿಸದ ನೌಕರರಿಗೂ ವಿಸ್ತರಿಸಲಾಗಿದೆ.'

ಎಲ್ಲರ ಜೇಬಿಗೂ ಒಂದೊಂದು ಒರೆ ಬಂತು. ಯಾರ ಜೇಬೂ ಉಬ್ಬಲಿಲ್ಲ. ಗುಂಪಿನ ಫೋಟೋ ತೆಗೆದರು. ನಾನು ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇದು ನಡವಳಿಯಲ್ಲಿ ಇಲ್ಲ.

ಭಾನುವಾರ ಇಡೀ ದಿನ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೂಗಿನ ಮೇಲೆ ಬೆರಳಾಡಿಸಿದೆ. ಎಡಕ್ಕೆ ತಿರುಗಿದ್ದಂತೆ ತೋರಿತು. ಆದರೆ ಬೆರಳಿನ ಸಾಕ್ಷ್ಯವನ್ನು ಯಾವ ಇಲಾಖೆಯೂ ಒಪ್ಪುವುದಿಲ್ಲ. ಕೂಸು ಬೆರಳು ಕಚ್ಚಿತು. ಎರಡು ಹಲ್ಲು ಬಂದಿರುವುದು ಹಾಗೆ ತಿಳಿಯಿತು.

"ಹೋಗ್ಲಿ ಬಿಡಿ," ಎಂದಳು ಹೆಂಡತಿ. ಅವಳು ಜಗಳವಾಡದೆ ಇದ್ದದ್ದು ನನಗೆ ಸ್ವಲ್ಪ ಗಾಬರಿ ಹುಟ್ಟಿಸಿತು. "ನಾಳೆ ಹತ್ತು ಗಂಟೆಗೆ ನಿಮಗೆ ಪರಿಶೀಲನೆ ಇದೆಯಲ್ಲ? ಅದನ್ನ ತಪ್ಪಿಸ್ಬೇಡಿ. ನಾವು ಬಸ್ಸಿಗೆ ಆ ದಾರೀಲೇ ಬರ್ತೀವಿ."

ನನ್ನ ಪರಿಶೀಲನೆಯ ಹೊತ್ತು ಅವಳಿಗೆ ಹೇಗೆ ಗೊತ್ತು ಎಂದು ಕೇಳಲು ತೋಚಲಿಲ್ಲ.

ಸೋಮವಾರ ಹತ್ತು ಗಂಟೆಗೆ ಬೆರಳಚ್ಚುಗಾರ್ತಿ ನನ್ನನ್ನು ಕಚೇರಿಯ ಎದುರಿನ ಬೀದಿಯಲ್ಲಿ ಗೆರೆಯ ಮೇಲೆ ನಿಲ್ಲಿಸಿದಳು. "ಕುಲಾವಿ ಫಲಕ, ಮೂರನೇ ಪರಿಶೀಲನೆ," ಎಂದಳು. ಎದುರಿಗೆ ಇದ್ದದ್ದು ನಾಲ್ಕು ಮಹಡಿಯ ಕಟ್ಟಡ. ಅದರ ನೆತ್ತಿಯಿಂದ ಬುಡದವರೆಗೆ ತಗಡು ಹೊದಿಸಲಾಗಿತ್ತು. ಯಾರೋ ಹಿಂದಿನಿಂದ ಬಂದು ನನ್ನ ಎಡಗೈಗೆ ಕೂಸನ್ನು ಕೊಟ್ಟರು. ಕೈಯ ಒರಟಿನಿಂದ ಅದು ನನ್ನ ಹೆಂಡತಿ ಎಂದು ತಿಳಿಯಿತು. ಬಲಗೈಯಲ್ಲಿ ಮುದ್ರೆ.

ನೋಡಿದೆ. ಮೊದಲು ಕಂಡದ್ದು ಒಂದು ಕುಲಾವಿಯ ಅಂಚು, ಮೇಲಿನ ಮಹಡಿಯ ಉದ್ದಕ್ಕೂ ನೆರಿಗೆ ನೆರಿಗೆಯಾಗಿ. ಅದರ ಕೆಳಗೆ ಹುಬ್ಬು. ಹುಬ್ಬಿನ ಕೆಳಗೆ ಎರಡು ಕಣ್ಣು, ಒಂದೊಂದೂ ಎರಡು ಕಿಟಕಿಯಷ್ಟು, ಯಾರ ಮೇಲೂ ಅನುಮಾನವಿಲ್ಲದ ಕಣ್ಣು. ಒಂದು ಕೆನ್ನೆಯಲ್ಲಿ ಗುಳಿ. ತೆರೆದ ಬಾಯಲ್ಲಿ ಬಾಗಿಲಿನಷ್ಟು ದೊಡ್ಡ ಎರಡು ಹಲ್ಲು.

"ಏನು ಕಾಣ್ತಿದೆ ಸಾರ್?" ಬೆರಳಚ್ಚುಗಾರ್ತಿ ಕಡತ ತೆರೆದು ಪೆನ್ನು ಹಿಡಿದು ಕೇಳಿದಳು.

"ಮೂಗು."

"ಯಾರ್ದು ಅಂತ ಬರೀಲಿ?"

ಅದು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ, ತುದಿಯಲ್ಲಿ ಸ್ವಲ್ಪ ಎಡಕ್ಕೆ ತಿರುಗಿಕೊಂಡು, ಇಡೀ ಬೀದಿಯನ್ನು ಕರೆಯುತ್ತಿತ್ತು.

"ನನ್ನದು," ಎಂದೆ.

"ಅಬ್ಬ, ಕೊನೆಗೂ!" ಎಂದು ಹೆಂಡತಿ ಮೂಗು ಒರೆಸಿಕೊಂಡಳು. "ಇಷ್ಟು ತಗಡಿಗೆ ಬದಲಾಗಿ ಆ ಭಾವಮೈದುನನ ಮಕ್ಕಳಿಗೆ ಕುಲಾವಿ ಹೊಲಿದೂ ಹೊಲಿದೂ ನನ್ನ ಬೆರಳು ತೂತಾಯ್ತು. ಒತ್ರೀ ಮುದ್ರೆ, ಬಸ್ಸಿಗೆ ಹೊತ್ತಾಗುತ್ತೆ."

ಅರ್ಜಿದಾರರ ಹೆಸರನ್ನು ಬೆರಳಚ್ಚುಗಾರ್ತಿ ಆಗ ಓದಿದಳು. ಪರಿಶೀಲಕನ ಪತ್ನಿ ಅರ್ಜಿ ಹಾಕಬಾರದೆಂದು ಯಾವ ನಿಯಮವೂ ಇಲ್ಲ. ನಾನು ಆ ನಿಯಮ ಬರೆದಿರಲಿಲ್ಲ, ಬರೆಯದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು! ಮೂವತ್ತೊಂದು ವರ್ಷದಲ್ಲಿ ಅಷ್ಟು ಜೋರಾಗಿ ನಾನು ಮುದ್ರೆ ಒತ್ತಿಲ್ಲ. ಕಾಗದ ಹರಿಯಿತು. ಕೂಸು ಕೇಕೆ ಹಾಕಿತು. ಬೀದಿಯಲ್ಲಿದ್ದ ಮುದುಕರು, ಕ್ಷೌರಿಕ, ಬೇಕರಿಯವನು ಎಲ್ಲ ಸೇರಿ ಕುಣಿದರು. ನಾನೂ ಎರಡು ಹೆಜ್ಜೆ ಹಾಕಿದೆ, ಗೆರೆ ದಾಟದಂತೆ.

ಮಗಳು ಹೋಗಿ ಮೂರು ವಾರವಾಯಿತು. ಪ್ರತಿದಿನ ಬೆಳಿಗ್ಗೆ ಕಚೇರಿಯ ಕಿಟಕಿ ತೆರೆದು ಆ ಮುಖ ನೋಡಿ ಕೆಲಸ ಶುರು ಮಾಡುತ್ತೇನೆ. ಆ ಕಟ್ಟಡದ ಎರಡನೆಯ ಮಹಡಿಯಲ್ಲಿರುವ ಊರಿನ ಒಬ್ಬರೇ ಕಣ್ಣಿನ ವೈದ್ಯರು ಹಗಲಲ್ಲೂ ದೀಪ ಹಚ್ಚಿಕೊಂಡು ಕೆಲಸ ಮಾಡುತ್ತಿದ್ದಾರೆ. ರೋಗಿಗಳಿಗೆ ಕತ್ತಲು, ಆದ್ದರಿಂದ ರೋಗಿಗಳು ಹೆಚ್ಚಿದ್ದಾರೆ, ಅವರಿಗೂ ದೂರಿಲ್ಲ. ಗಾಳಿಗಾಗಿ ಮಾತ್ರ ಎಡ ಹೊಳ್ಳೆಯನ್ನು ಕತ್ತರಿಸಿಕೊಡಿ ಎಂದು ಅರ್ಜಿ ಕೊಟ್ಟಿದ್ದರು. ಎಡಗಡೆ ಮುಟ್ಟಿದರೆ ಹೋಲಿಕೆ ಕೆಡುತ್ತದೆಂದು ನಾನು ಆಕ್ಷೇಪಿಸಿದೆ. ಬಲ ಹೊಳ್ಳೆ ತೆರೆಯಲು ಸಮಿತಿ ರಚನೆಯಾಗಿದೆ. ಅಲ್ಲಿಯ ತನಕ ವೈದ್ಯರು ಬಾಗಿಲು ತೆರೆದಿಟ್ಟುಕೊಳ್ಳುತ್ತಾರೆ.

ನನ್ನ ಒರೆ ಸದಾ ಜೇಬಿನಲ್ಲಿದೆ. ಬಸ್ಸು ಹೊರಡುವ ಮುಂಚೆ ಮಗಳು ಕೂಸಿನ ಒಂದು ಫೋಟೋವನ್ನು ಅದರೊಳಗೆ ನುಸುಳಿಸಿದಳು. ಗಾಳಿಗೆ ಜಾಗವಿಲ್ಲದಲ್ಲಿ ಅದು ಹೇಗೋ ಸರಿಯಾಗಿ ಕೂತಿತು. ಹೊರಗಿನದು ಮೊದಲು ಬಂದು ಒಳಗಿನದು ಆಮೇಲೆ ಬಂದದ್ದರಿಂದ ನಿಯಮ ಎಲ್ಲೂ ಮುರಿದಿಲ್ಲ. ಆ ಫೋಟೋ ನನಗೆ ಕಾಣುವುದಿಲ್ಲ. ನೋಡಬೇಕೆನಿಸಿದರೆ ಕಿಟಕಿ ಇದೆಯಲ್ಲ.

ನಿನ್ನೆ ವಾರ್ಷಿಕ ತಪಾಸಣೆ ನಡೆಯಿತು. ನಿರ್ದೇಶಕರು ಬಂದರು, ನಾನು ಎದ್ದು ನಿಂತೆ, ಒರೆಯನ್ನು ಕುರ್ಚಿಯ ಮೇಲಿಟ್ಟೆ, ಅವರು ಅದರ ಮೇಲೆ ಕೂತು ಎದ್ದರು. ಉಗ್ರಾಣದ ಯಜಮಾನರು ತೆರೆದು ನೋಡಿ ದಾಸ್ತಾನು ಪುಸ್ತಕದಲ್ಲಿ ಹೀಗೆ ಬರೆದುಕೊಂಡರು: 'ಒರೆ: ಒಂದು. ಒಳಗೆ: ಮೊಮ್ಮಗಳು. ನಗುತ್ತಿದ್ದಾಳೆ. ಒಡೆದಿಲ್ಲ.'